ಕಷ್ಟವನ್ನೇ ಕಾಯಕವಾಗಿಸಿಕೊಂಡ ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರು

ಶ್ರೀಮಠಕ್ಕೆ ದರ್ಶನಾರ್ಥವಾಗಿ ಬರುವ ಸದ್ಭಕ್ತರಲ್ಲಿ ಬಹುಪಾಲು ಜನರು ಒಂದಲ್ಲ ಒಂದು ತಾಪತ್ರಯವನ್ನು ಹೊತ್ತೇ ಬರುತ್ತಾರೆ. ಮಳೆ ಕೈಕೊಟ್ಟ ಒಕ್ಕಲಿಗರು, ಮಗ್ಗ ನಿಂತುಹೋದ ನೇಕಾರರು, ಮಗನಿಗೆ ನೌಕರಿ ಸಿಗಲಿಲ್ಲವೆಂದು ಮರುಗುವ ತಾಯಂದಿರು, ಎಲ್ಲರ ಪ್ರಶ್ನೆಯೂ ಈ ಕಷ್ಟ ಎಂದಿಗೆ ತೀರೀತು ಎಂಬುದೇ ಆಗಿರುತ್ತದೆ. ಅದು ಸಹಜವಾದ ಪ್ರಶ್ನೆ; ಕೇಳಬಾರದೆಂದು ನಾವು ಹೇಳುವುದಿಲ್ಲ. ಆದರೆ ಕಷ್ಟಗಳು ತೀರದೆಯೂ ಒಬ್ಬ ಮನುಷ್ಯ ಎಷ್ಟು ಎತ್ತರಕ್ಕೆ ಬೆಳೆಯಬಹುದು ಎಂಬುದಕ್ಕೆ ನಮ್ಮ ಈ ಭಾಗದಲ್ಲಿಯೇ ಒಂದು ಬಾಳು ಆಗಿಹೋಗಿದೆ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಚರಿತ್ರೆಯನ್ನು ಈ ದೃಷ್ಟಿಯಿಂದ ಇಲ್ಲಿ ನಿರೂಪಿಸಲು ಬಯಸುತ್ತೇವೆ. ವಚನ ಪಿತಾಮಹರೆಂಬ ಬಿರುದಿನಿಂದ ಅವರನ್ನು ಬಲ್ಲವರು ಅನೇಕರು. ಆ ಬಿರುದಿನ ಹಿಂದಿರುವ ಸಾಲ, ತಿರಸ್ಕಾರ ಮತ್ತು ದುಡಿಮೆಯನ್ನು ಬಲ್ಲವರು ಕಡಿಮೆ.

ಅವರನ್ನು ವಿಜಯಪುರದವರೆಂದು ಎಣಿಸುವುದು ವಾಡಿಕೆ. ಅವರ ಕಾಲದಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಲ್ಲವೂ ಆ ಜಿಲ್ಲೆಗೇ ಸೇರಿದ್ದವು. ಅದಕ್ಕೂ ಹಿಂದೆ ನಮ್ಮ ಕಲಾದಗಿಯೇ ಜಿಲ್ಲೆಯ ಮುಖ್ಯಸ್ಥಳವಾಗಿತ್ತು. 1885ರಲ್ಲಿ ಅದು ವಿಜಯಪುರಕ್ಕೆ ಸ್ಥಳಾಂತರವಾಯಿತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಡಳಿತದ ಗಡಿಗಳು ಹೀಗೆ ಬದಲಾಗುತ್ತವೆಯಾದ್ದರಿಂದ ಹಳಕಟ್ಟಿಯವರು ನಮ್ಮವರೂ ಹೌದು. ಅವರ ಜೀವನದ ದಿಕ್ಕನ್ನು ತಿರುಗಿಸಿದ ಘಟನೆಯಂತೂ ಇಂದಿನ ನಮ್ಮ ಜಿಲ್ಲೆಯ ನೆಲದಲ್ಲಿಯೇ ನಡೆಯಿತು. ಅದನ್ನು ಮುಂದೆ ಹೇಳುತ್ತೇವೆ.

ಅವರು ಜನಿಸಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ಈ ಸೀಮೆಯನ್ನು ಹಣ್ಣುಗೆಡಿಸಿದ 1876ರಿಂದ 78ರವರೆಗಿನ ಮಹಾಕ್ಷಾಮ ಮುಗಿದು ಎರಡೇ ವರ್ಷಗಳಾಗಿದ್ದವು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯ ರೂಢಿಯುಳ್ಳವರು. ಮಗು ಮೂರು ವರ್ಷದ್ದಿರುವಾಗಲೇ ತಾಯಿ ತೀರಿಕೊಂಡರು. ಅಜ್ಜಿಯ ಆರೈಕೆಯಲ್ಲಿ ಬಾಲಕ ಬೆಳೆಯಿತು. ತಾಯಿಯಿಲ್ಲದ ಕೂಸು ಓದಿನಲ್ಲಿ ಮುಂದಾಯಿತು ಎಂದು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗುವುದು ಚರಿತ್ರೆ ಬರೆಯುವವರಿಗೆ ಸುಲಭ. ಆ ವರ್ಷಗಳನ್ನು ಬಾಳಿದವರಿಗೆ ಅಷ್ಟು ಸುಲಭವಾಗಿರಲಾರದು.

ಧಾರವಾಡದ ಶಿಕ್ಷಣದ ನಂತರ ಅವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜು ಸೇರಿದರು. ಪದವಿ ಪಡೆದು, ಕಾನೂನು ಓದಿ, 1904ರಲ್ಲಿ ವಕೀಲರಾಗಿ ಹೊರಬಂದರು. ಮುಂಬಯಿಯಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ತಮ್ಮ ನುಡಿಗಳ ಬಗ್ಗೆ ತಾಳಿದ್ದ ಅಭಿಮಾನವನ್ನು ಕಂಡಾಗ, ಕನ್ನಡಿಗರ ನಿರಭಿಮಾನ ಅವರಿಗೆ ನೋವುಂಟುಮಾಡಿತು. ಮುಂದೆ ಕನ್ನಡ ಕುಲಪುರೋಹಿತರೆನಿಸಿದ ಆಲೂರ ವೆಂಕಟರಾಯರು ಅವರ ಸಮಕಾಲೀನರು. ಆ ಕಾಲದಲ್ಲಿ ಈ ಭಾಗದ ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ಪ್ರಾಬಲ್ಯ. ಓದಿದವರು ಮನೆಯಲ್ಲಿ ಮಾತ್ರ ಕನ್ನಡಿಗರು. ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ಮಾಡಿ ಅದೇ ವರ್ಷ ಅವರು ವಿಜಯಪುರಕ್ಕೆ ಬಂದು ನೆಲೆಸಿದರು. ಜಾಣ ವಕೀಲನಿಗೆ ಹಣ ಗಳಿಸಲು ಅದು ತಕ್ಕ ಊರಾಗಿತ್ತು. ನಾಲ್ಕಾರು ವರ್ಷ ವಕೀಲಿಯನ್ನಷ್ಟೇ ನಂಬಿದ್ದರೂ ಬಂಗಲೆ, ಹೊಲ, ಕುದುರೆಗಾಡಿ ಎಲ್ಲವೂ ಕೂಡಿಬರುತ್ತಿದ್ದವು.

ಹಾಗಾಗಲಿಲ್ಲ. ಅದಕ್ಕೆ ಕಾರಣ ನಮ್ಮ ರಬಕವಿ-ಬನಹಟ್ಟಿ.

ಮಂಚಾಲೆ ಶಿವಲಿಂಗಪ್ಪನವರೆಂಬ ಶರಣಜೀವಿಗಳ ಮನೆಯಲ್ಲಿ ಹಳಕಟ್ಟಿಯವರು ವಚನಗಳ ತಾಡೋಲೆ ಕಟ್ಟುಗಳನ್ನು ಕಂಡರು. ಆಗ ಅವರಿನ್ನೂ ಇಪ್ಪತ್ತರ ಹರೆಯದವರು. ಇಂದು ಬಸವಾದಿ ಶರಣರ ವಚನಗಳು ನಮ್ಮ ಮೊಬೈಲುಗಳಲ್ಲಿಯೇ ಸಿಗುವುದರಿಂದ ಆ ನೋಟದ ಮಹತ್ವವನ್ನು ಊಹಿಸುವುದು ಕಷ್ಟ. ಅಂದು ಸಾಮಾನ್ಯ ಲಿಂಗಾಯತರ ಮನೆಯಲ್ಲಿ ಬಸವಣ್ಣನವರ ಹೆಸರಿತ್ತು, ಪುರಾಣವಿತ್ತು, ಪ್ರವಚನವಿತ್ತು. ಅವರ ಮಾತುಗಳು ಮಾತ್ರ ಬಹುತೇಕ ಕಾಣದಾಗಿದ್ದವು. ಹುನಗುಂದ ತಾಲೂಕಿನ ಕೂಡಲಸಂಗಮಕ್ಕೆ ವರ್ಷಕ್ಕೊಮ್ಮೆ ಹೋಗಿ ಮಲಪ್ರಭಾ ಕೃಷ್ಣೆಯರ ಕೂಡಲಲ್ಲಿ ಮಿಂದು ಬರುವ ಭಕ್ತನಿಗೂ, ಆ ಕೂಡಲಸಂಗಮದೇವನ ಅಂಕಿತದಲ್ಲಿ ಬಸವಣ್ಣನವರು ನುಡಿದದ್ದೇನೆಂಬುದು ಗೊತ್ತಿರಲಿಲ್ಲ. ಏಕೆಂದರೆ ಆ ನುಡಿಗಳು ಓಲೆಗರಿಯ ಕಟ್ಟುಗಳಲ್ಲಿದ್ದವು. ಆ ಕಟ್ಟುಗಳು ಜಗಲಿಯ ಮೇಲೆ ವಿಭೂತಿ, ಪತ್ರಿ, ಹೂವಿನ ಅಡಿಯಲ್ಲಿದ್ದವು. ಪೂಜೆಗೊಳ್ಳುತ್ತಿದ್ದ ಗ್ರಂಥವನ್ನು ಬಿಚ್ಚಿ ಓದುವವರು ಇರಲಿಲ್ಲ. ಪೂಜೆಯೇ ಒಂದು ಬಗೆಯ ಮರೆವಾಗಿತ್ತು ಎಂದರೆ ಭಕ್ತರು ನಮ್ಮನ್ನು ತಪ್ಪು ತಿಳಿಯಬಾರದು.

ತಾಡೋಲೆಯನ್ನು ಓದುವುದು ಎಂಥ ಕೆಲಸವೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಹದಮಾಡಿದ ತಾಳೆಗರಿಯ ಮೇಲೆ ಲೋಹದ ಕಂಟದಿಂದ ಅಕ್ಷರಗಳನ್ನು ಕೊರೆಯುತ್ತಾರೆ. ಕೊರೆದ ಗೆರೆಗಳಲ್ಲಿ ಮಸಿ ತುಂಬಿ ಒರೆಸಿದಾಗ ಅಕ್ಷರ ಎದ್ದು ಕಾಣುತ್ತದೆ. ಪದಪದಗಳ ನಡುವೆ ಜಾಗವಿರುವುದಿಲ್ಲ, ವಿರಾಮ ಚಿಹ್ನೆಗಳಿರುವುದಿಲ್ಲ. ಒಂದು ವಚನ ಮುಗಿದು ಇನ್ನೊಂದು ಆರಂಭವಾದದ್ದು ಅಂಕಿತದಿಂದಲೇ ತಿಳಿಯಬೇಕು. ಲಿಪಿಕಾರ ತಪ್ಪು ಬರೆದಿದ್ದರೆ ಮುಂದಿನ ಪ್ರತಿಕಾರ ಆ ತಪ್ಪನ್ನೂ ಭಕ್ತಿಯಿಂದಲೇ ಬರೆದಿರುತ್ತಾನೆ. ಹುಳು ತಿಂದ ತೂತು ಅಕ್ಷರದ ಮೇಲೆಯೇ ಬಿದ್ದಿದ್ದರೆ ಓದುವವನ ಪುಣ್ಯ! ಒಂದು ಕಟ್ಟಿನಲ್ಲಿ ಅರ್ಧ ಉಳಿದ ವಚನದ ಮಿಕ್ಕ ಭಾಗವನ್ನು ಬೇರೊಂದು ಊರಿನ ಕಟ್ಟಿನಲ್ಲಿ ಹುಡುಕಬೇಕು. ಇಳಕಲ್ಲ ಸೀರೆಯ ಒಡಲ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದನ್ನು ಕಂಡವರಿಗೆ ಈ ಕೆಲಸದ ತಾಳ್ಮೆ ಅರ್ಥವಾಗುತ್ತದೆ. ಒಂದು ಎಳೆ ತಪ್ಪಿದರೂ ಮಗ್ಗದಲ್ಲಿ ಅದು ಕಾಣದೆ ಇರದು.

ಹಗಲು ನ್ಯಾಯಾಲಯ, ರಾತ್ರಿ ಓಲೆಗರಿ ಎಂಬುದು ಅವರ ದಿನಚರಿಯಾಯಿತು. ಕಟ್ಟುಗಳಿರುವ ಸುದ್ದಿ ತಿಳಿದಲ್ಲಿಗೆ ಹೋಗುವುದು, ಬೇಡಿ ತರುವುದು, ಕೊಡದಿದ್ದರೆ ಅಲ್ಲಿಯೇ ಕುಳಿತು ನಕಲು ಮಾಡುವುದು. ಮನೆಯ ಜಗಲಿಯ ದೇವರನ್ನು ಅಪರಿಚಿತ ವಕೀಲನ ಕೈಗೆ ಕೊಡಲು ಎಷ್ಟು ಮನೆಗಳು ಒಪ್ಪಿಯಾವು? ನಿರಾಕರಣೆಯೇ ಹೆಚ್ಚು. ಆದರೂ ಹೀಗೆಯೇ ನೂರಾರು ಕಟ್ಟುಗಳು ಅವರ ಬಳಿ ಕೂಡಿದವು. ಅದಕ್ಕೆ ಮೊದಲು ಐವತ್ತರಷ್ಟು ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದವೆಂದೂ, ಹಳಕಟ್ಟಿಯವರ ಶೋಧದಿಂದ ಆ ಸಂಖ್ಯೆ ಇನ್ನೂರೈವತ್ತನ್ನು ಮೀರಿತೆಂದೂ ವಿದ್ವಾಂಸರು ಹೇಳುತ್ತಾರೆ. ಹರಿಹರ ಕವಿಯ ಅನೇಕ ರಗಳೆಗಳು ಬೆಳಕಿಗೆ ಬಂದದ್ದೂ ಅವರಿಂದಲೇ. ಕೊಟ್ಟಣದ, ಕದಿರೆಯ, ಆಯ್ದಕ್ಕಿಯ ಕಾಯಕ ಮಾಡಿದ ಶರಣೆಯರು ಕೂಡ ಮಾತನಾಡಿದ್ದರು, ಆ ಮಾತು ಎಂಟುನೂರು ವರ್ಷ ಉಳಿದಿತ್ತು ಎಂಬುದು ನಮ್ಮ ತಾಯಂದಿರಿಗೆ ತಿಳಿದದ್ದು ಅವರ ಈ ದುಡಿಮೆಯಿಂದ.

ಇಷ್ಟರಲ್ಲಿ ನಾಡಿನಲ್ಲಿಯೂ ಒಂದು ಎಚ್ಚರ ಮೂಡಿತ್ತು. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. 1909ರಲ್ಲಿ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದರು. 1910ರಲ್ಲಿ ಹಳಕಟ್ಟಿಯವರು ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಬುನಾದಿ ಹಾಕಿದರು. ಬಡ್ಡಿಯ ಬಾಧೆಯಿಂದ ಬಳಲುತ್ತಿದ್ದ ಒಕ್ಕಲಿಗರಿಗೂ ಸಣ್ಣ ವ್ಯಾಪಾರಿಗಳಿಗೂ ನೆರವಾಗಲೆಂದು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ಮುಂಬಯಿ ಶಾಸನ ಪರಿಷತ್ತಿನ ಸದಸ್ಯತ್ವ, ಸರಕಾರದ ರಾವ್ ಸಾಹೇಬ, ರಾವ್ ಬಹದ್ದೂರ ಪದವಿಗಳು ಬಂದವು. ಇವೆಲ್ಲವೂ ದೊಡ್ಡ ಕಾರ್ಯಗಳೇ ಆದರೂ ಇಲ್ಲಿ ವಿಸ್ತರಿಸುವುದಿಲ್ಲ. ಬ್ಯಾಂಕು ಕಟ್ಟಿದವರ ಕೈಯಲ್ಲಿ ಕೊನೆಗೆ ಹಣ ಉಳಿಯಲಿಲ್ಲ ಎಂಬ ಒಂದು ಸಂಗತಿಯನ್ನು ಮಾತ್ರ ಓದುಗರು ನೆನಪಿಡಬೇಕು.

ಅವರ ಜೀವನದ ಅತ್ಯಂತ ದೊಡ್ಡ ಪೆಟ್ಟು ಬಿದ್ದದ್ದು ಮುದ್ರಣದ ವಿಷಯದಲ್ಲಿ. ಹತ್ತಾರು ವರ್ಷ ದುಡಿದು ಸಂಗ್ರಹಿಸಿದ ವಚನಗಳನ್ನು ವಿಷಯಾನುಸಾರ, ಸ್ಥಲಾನುಸಾರ ಜೋಡಿಸಿ ಅವರು ವಚನಶಾಸ್ತ್ರಸಾರವೆಂಬ ಗ್ರಂಥವನ್ನು ಸಿದ್ಧಪಡಿಸಿದರು. ಕನ್ನಡ ಮುದ್ರಣಕ್ಕೆ ಆಗ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಹೆಸರಾಗಿತ್ತು. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಅಲ್ಲಿಯೇ. ಕನ್ನಡಕ್ಕೆ ಆ ಸಂಸ್ಥೆ ಮಾಡಿದ ಉಪಕಾರವನ್ನು ಮರೆಯುವಂತಿಲ್ಲ. ಹಳಕಟ್ಟಿಯವರು ಹಸ್ತಪ್ರತಿಯೊಡನೆ 500 ರೂಪಾಯಿ ಮುಂಗಡವನ್ನೂ ಕಳಿಸಿದರು. ಅಂದಿನ 500 ರೂಪಾಯಿ ಸಣ್ಣ ಮೊತ್ತವಲ್ಲ. ಕೆಲಕಾಲದ ನಂತರ ಹಸ್ತಪ್ರತಿಯೂ ಹಣವೂ ಹಿಂದಿರುಗಿ ಬಂದವು. ವಚನಗಳ ತತ್ತ್ವವು ತಮ್ಮ ಮತಪ್ರಚಾರಕ್ಕೆ ಹೊಂದುವುದಿಲ್ಲವೆಂದು ಅವರು ಮುದ್ರಿಸಲೊಪ್ಪಲಿಲ್ಲವೆಂಬುದು ಪ್ರಚಲಿತ ವೃತ್ತಾಂತ.

ಇಂಥ ಸಮಯದಲ್ಲಿ ಮನುಷ್ಯರು ಸಾಮಾನ್ಯವಾಗಿ ಏನು ಮಾಡುತ್ತಾರೆಂಬುದನ್ನು ನಾವೆಲ್ಲ ಬಲ್ಲೆವು. ಸಿಟ್ಟಾಗುತ್ತಾರೆ, ಪತ್ರಿಕೆಗಳಿಗೆ ಬರೆಯುತ್ತಾರೆ, ಸಮಾಜದ ಮುಖಂಡರ ಬಾಗಿಲು ಬಡಿಯುತ್ತಾರೆ, ಕೊನೆಗೆ ಕಟ್ಟನ್ನು ಅಟ್ಟಕ್ಕೇರಿಸಿ ನಿಟ್ಟುಸಿರು ಬಿಡುತ್ತಾರೆ. ಹಳಕಟ್ಟಿಯವರು ಅದೇ ಹಸ್ತಪ್ರತಿಯನ್ನು ಬೆಳಗಾವಿಗೆ ಒಯ್ದರು. ಅಲ್ಲಿ ಚೌಗುಲೆಯವರ ಮಹಾವೀರ ಮುದ್ರಣಾಲಯ ಮುದ್ರಣಕ್ಕೆ ಒಪ್ಪಿತು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಕು ಕಂಡಿತು. ಮಿಶನರಿಗಳು ಬೇಡವೆಂದ ಶರಣರ ನುಡಿಗಳು ಜೈನ ಸದ್ಗೃಹಸ್ಥರ ಅಚ್ಚುಕೂಟದಿಂದ ಲಿಂಗಾಯತರ ಮನೆಗೆ ಬಂದವು. ಮತಮತಗಳ ನಡುವೆ ಗೋಡೆ ಕಟ್ಟಲು ಆತುರಪಡುವವರು ಈ ಪ್ರಸಂಗವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಒಂದು ಪುಸ್ತಕವೇನೋ ಅಚ್ಚಾಯಿತು. ಉಳಿದ ಕಟ್ಟುಗಳ ಗತಿಯೇನು? ಪ್ರತಿ ಬಾರಿಯೂ ಇನ್ನೊಬ್ಬರ ಅಚ್ಚುಕೂಟದ ಬಾಗಿಲಲ್ಲಿ ನಿಲ್ಲುವುದು ಅವರಿಗೆ ಸಾಧ್ಯವಿರಲಿಲ್ಲ. 1925ರಲ್ಲಿ ಅವರು ತಮ್ಮ ಸ್ವಂತ ಮನೆಯನ್ನು ಮಾರಿ, ಆ ಹಣದಿಂದ ವಿಜಯಪುರದಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನು ತೆರೆದರು. ಮನೆ ಮಾರಿದ ಸಂಗತಿಯನ್ನು ವೇದಿಕೆಗಳ ಮೇಲೆ ತ್ಯಾಗವೆಂದು ಹೊಗಳುವುದು ರೂಢಿ. ನಮಗೆ ಅದು ಹಾಗೆ ಮಾತ್ರ ಕಾಣುವುದಿಲ್ಲ. ಹೆಂಡಿರು ಮಕ್ಕಳಿರುವ ಸಂಸಾರಿ ಮನೆ ಮಾರುವುದೆಂದರೆ ಅದರ ಭಾರ ಮನೆಯೊಡತಿಯ ಮೇಲೆಯೂ ಬೀಳುತ್ತದೆ. ಬಾಡಿಗೆ ಮನೆಯ ಒಲೆಯ ಮುಂದೆ ಕುಳಿತು ಆ ಭಾರ ಹೊತ್ತ ತಾಯಿಯ ಹೆಸರನ್ನು ಬಿರುದಾವಳಿಗಳಲ್ಲಿ ಯಾರೂ ಹೇಳುವುದಿಲ್ಲ. ಭಾಗೀರಥಿಬಾಯಿಯವರನ್ನೂ ಇಲ್ಲಿ ಸ್ಮರಿಸುವುದು ನಮ್ಮ ಕರ್ತವ್ಯ.

1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಆ ಅಚ್ಚುಕೂಟದಿಂದ ಹೊರಟವು. ಮೊದಲನೆಯದು ಧರ್ಮ ಮತ್ತು ಸಾಹಿತ್ಯಕ್ಕೆ, ಎರಡನೆಯದು ನಾಡಿನ ಆಗುಹೋಗುಗಳಿಗೆ. 1926ರಲ್ಲಿಯೇ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯ ಗೌರವವೂ ಅವರಿಗೆ ದೊರೆಯಿತು. ಸಮ್ಮೇಳನಾಧ್ಯಕ್ಷರಾಗಿ ಮೆರವಣಿಗೆಯಾದವರು ಊರಿಗೆ ಮರಳಿ ಮತ್ತೆ ಅಚ್ಚಿನ ಮೊಳೆಗಳ ಮುಂದೆ ಕುಳಿತರು. ಲೇಖನ ಅವರದೇ, ಕರಡು ತಿದ್ದುವುದು ಅವರದೇ, ಪುಸ್ತಕಗಳನ್ನು ಹೊತ್ತು ಮಾರುವುದೂ ಅವರದೇ. ಹಳೆಯ ಕೋಟು, ರುಮಾಲು, ಒಂದು ಸೈಕಲ್ಲು ಇವೇ ಅವರ ಗುರುತುಗಳಾಗಿ ವಿಜಯಪುರದ ಹಿರಿಯರ ಬಾಯಲ್ಲಿ ಉಳಿದುಬಂದಿವೆ. ಚಂದಾದಾರರು ಕಡಿಮೆ, ಚಂದಾ ಕೊಡುವವರು ಅದಕ್ಕಿಂತ ಕಡಿಮೆ. ಕಾಗದದ ಸಾಲ, ಮೊಳೆಯ ಸಾಲ, ಆಳಿನ ಕೂಲಿ ಯಾವಾಗಲೂ ಬೆನ್ನ ಹಿಂದೆಯೇ ಇದ್ದವು. ಹೀಗಿದ್ದೂ ಶಿವಾನುಭವವನ್ನು ಮೂರು ದಶಕಗಳಿಗೂ ಮೀರಿ ನಡೆಸಿಕೊಂಡು ಬಂದರು. ಮಠದ ಪತ್ರವ್ಯವಹಾರ, ಪ್ರಕಟಣೆಗಳ ಕೆಲಸವನ್ನು ನೋಡಿಕೊಳ್ಳುವ ನಮ್ಮಂಥವರಿಗೆ, ಒಂದು ಸಣ್ಣ ಸಂಚಿಕೆಯನ್ನು ಹೊತ್ತಿಗೆ ಸರಿಯಾಗಿ ತರುವುದೇ ಎಷ್ಟು ಪ್ರಯಾಸವೆಂಬುದು ಗೊತ್ತಿದೆ. ನಮಗೆ ಕಂಪ್ಯೂಟರು ಇದೆ, ಸಹಾಯಕರಿದ್ದಾರೆ, ಭಕ್ತರ ಕಾಣಿಕೆಯ ಬೆಂಬಲವಿದೆ. ಅವರಿಗೆ ಇವಾವುವೂ ಇರಲಿಲ್ಲ.

ಅವರಿಗೆ ಆ ಬಲ ಬಂದದ್ದೆಲ್ಲಿಂದ ಎಂದು ನಾವು ಅನೇಕ ಸಲ ಯೋಚಿಸಿದ್ದುಂಟು. ಹುಟ್ಟಿನಿಂದಲೇ ಬಂದ ಧೈರ್ಯವೆಂದು ಹೇಳಿ ಮುಗಿಸಬಹುದು; ಆದರೆ ಅವರ ಬಾಳನ್ನು ವರ್ಷವರ್ಷವಾಗಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಓದಲು ಬಾರದ ಓಲೆ ಎದುರಾದಾಗ ಅವರು ಲಿಪಿಯನ್ನು ಕಲಿತರು. ಕಟ್ಟು ಕೊಡದವರು ಎದುರಾದಾಗ ಬೇಡುವುದನ್ನು ಕಲಿತರು. ಪ್ರತಿಷ್ಠಿತ ವಕೀಲನಿಗೆ ಅದು ಸಣ್ಣ ಪಾಠವಲ್ಲ. ಮುದ್ರಕರು ಒಲ್ಲೆನೆಂದಾಗ ಮುದ್ರಕರೇ ಆದರು. ಓದುಗರಿಲ್ಲವೆಂದಾಗ ಪತ್ರಿಕೆ ತೆಗೆದು ಓದುಗರನ್ನು ಬೆಳೆಸತೊಡಗಿದರು. 1904ರಲ್ಲಿ ವಿಜಯಪುರಕ್ಕೆ ಬಂದ ತರುಣ ವಕೀಲನಲ್ಲಿ ಈ ಯಾವ ವಿದ್ಯೆಯೂ ಇರಲಿಲ್ಲ. ಒಂದೊಂದು ಅಡ್ಡಿಯೂ ಅವರಿಗೆ ಒಂದೊಂದು ಕೆಲಸವನ್ನು ಹಚ್ಚಿತು, ಆ ಕೆಲಸ ಅವರನ್ನು ಬೆಳೆಸಿತು. ಶರಣರು ಕಾಯಕವೆಂದು ಕರೆದದ್ದನ್ನು ಅವರು ಓಲೆಗರಿಯಲ್ಲಿ ಓದಿದ್ದಷ್ಟೇ ಅಲ್ಲ. ಓದುತ್ತ ಓದುತ್ತ ಅದರಲ್ಲಿಯೇ ಇಳಿದರು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅವರ ಸಂಪಾದನೆ ದೋಷರಹಿತವಾಗಿರಲಿಲ್ಲ. ದೊರೆತ ಪ್ರತಿಗಳ ಆಧಾರದಿಂದ, ಒಬ್ಬರೇ, ಅವಸರದಲ್ಲಿ ಮಾಡಿದ ಕೆಲಸದಲ್ಲಿ ಪಾಠದೋಷಗಳು ಉಳಿದವು. ಮುಂದಿನ ವಿದ್ವಾಂಸರು ಹೆಚ್ಚಿನ ಪ್ರತಿಗಳನ್ನು ಹೋಲಿಸಿ ತಿದ್ದಿದರು. ಕರ್ನಾಟಕ ಸರಕಾರ 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಮಗ್ರ ವಚನ ಸಂಪುಟಗಳನ್ನು ಹೊರತಂದಿತು. ಇದರಿಂದ ಹಳಕಟ್ಟಿಯವರ ಹಿರಿಮೆ ಕುಂದುವುದಿಲ್ಲ. ನೂರಾರು ಪ್ರತಿಗಳನ್ನು ಹೋಲಿಸಿ ನೋಡುವವರೆಗೆ ಅವರು ಕಾದಿದ್ದರೆ, ಅಷ್ಟರಲ್ಲಿ ಆ ಪ್ರತಿಗಳಲ್ಲಿ ಎಷ್ಟು ಗೆದ್ದಲಿಗೆ ಆಹುತಿಯಾಗುತ್ತಿದ್ದವೋ ಹೇಳಲಾಗದು. ಪರಿಪೂರ್ಣವಾದದ್ದನ್ನೇ ಮಾಡುತ್ತೇನೆಂದು ಕಾಯುತ್ತ ಕುಳಿತವರಿಂದ ಏನೂ ಆಗದ ನಿದರ್ಶನಗಳು ನಮ್ಮಲ್ಲಿ ಬೇಕಾದಷ್ಟಿವೆ.

ಕನ್ನಡದ ಕಣ್ವರೆನಿಸಿದ ಬಿ.ಎಂ. ಶ್ರೀಕಂಠಯ್ಯನವರು ಒಮ್ಮೆ ವಿಜಯಪುರಕ್ಕೆ ಬಂದಾಗ ಹಳಕಟ್ಟಿಯವರು ಗೋಲಗುಮ್ಮಟವನ್ನು ತೋರಿಸಲು ಮುಂದಾದರಂತೆ. ತಾವು ವಚನಗಳ ಗುಮ್ಮಟವನ್ನು ನೋಡಲೆಂದೇ ಬಂದದ್ದು, ಅದನ್ನು ನೋಡಿದ್ದಾಯಿತು ಎಂಬರ್ಥದ ಮಾತನ್ನು ಶ್ರೀಯವರು ಆಡಿದರೆಂದು ಈ ಭಾಗದಲ್ಲಿ ಎಲ್ಲರೂ ಹೇಳುತ್ತಾರೆ. ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ಕನ್ನಡ ನಾಡು ಒಂದಾದುದನ್ನೂ ಅವರು ಕಣ್ಣಾರೆ ಕಂಡರು. ಮನ್ನಣೆಗಳು ಬಂದವು; ಬಡತನ ಮಾತ್ರ ಬಿಟ್ಟುಹೋಗಲಿಲ್ಲ. ಮಾರಿದ ಮನೆ ಮರಳಿ ಬರಲಿಲ್ಲ. ಸಹಿಸಿದವರಿಗೆ ಕೊನೆಗೆ ಸುಖದ ಫಲ ಸಿಕ್ಕೇ ಸಿಗುತ್ತದೆ ಎಂದು ಕಥೆ ಹೇಳುವವರಿಗೆ ಈ ಚರಿತ್ರೆ ಒದಗುವುದಿಲ್ಲ. 1964ರ ಜೂನ್ 29ರಂದು, ಎಂಬತ್ನಾಲ್ಕು ತುಂಬಲು ಮೂರು ದಿನ ಬಾಕಿಯಿರುವಾಗ, ಅವರು ಲಿಂಗೈಕ್ಯರಾದರು. ಅವರು ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ ಇಂದು ವೈದ್ಯಕೀಯ, ತಾಂತ್ರಿಕ ಕಾಲೇಜುಗಳನ್ನು ನಡೆಸುವಷ್ಟು ದೊಡ್ಡದಾಗಿದೆ. ಅವರ ಹೆಸರಿನ ಸಂಶೋಧನ ಕೇಂದ್ರವು ಅವರ ಬರಹಗಳನ್ನು ಸಮಗ್ರ ಸಂಪುಟಗಳಾಗಿ ಪ್ರಕಟಿಸಿದೆ.

ಈ ಚರಿತ್ರೆಯನ್ನು ಬರೆಯುವಾಗ ನಮ್ಮನ್ನು ಕಾಡಿದ ಸಂಗತಿಯೊಂದನ್ನು ಭಕ್ತರ ಮುಂದಿಡುತ್ತೇವೆ. ಹಳಕಟ್ಟಿಯವರು ಒಬ್ಬರೇ ಎಲ್ಲ ಊರುಗಳಿಗೂ ಹೋಗಲಾಗಲಿಲ್ಲ. ಹುನಗುಂದ, ಇಳಕಲ್ಲು, ಬಾದಾಮಿ ಭಾಗದ ಹಳೆಯ ಮನೆತನಗಳಲ್ಲಿ, ಚಿಕ್ಕ ಚಿಕ್ಕ ಮಠಗಳಲ್ಲಿ ಇಂದಿಗೂ ಕಟ್ಟುಗಳು ಇರುವ ಸಂಭವವಿದೆ. ಹಿರಿಯರು ತೀರಿಕೊಂಡ ಮೇಲೆ ಓದಲು ಬಾರದ ಮಕ್ಕಳು, ಮನೆಯಲ್ಲಿಡುವುದೂ ಬೇಡ, ಎಸೆಯುವುದೂ ಬೇಡವೆಂದು ಭಕ್ತಿಯಿಂದಲೇ ಹೊಳೆಗೆ ಬಿಡುವುದುಂಟು. ದಯವಿಟ್ಟು ಹಾಗೆ ಮಾಡಬಾರದು. ಅಂಥ ಕಟ್ಟು ಇದ್ದವರು ಶ್ರೀಮಠದ ಕಚೇರಿಗೆ ತಿಳಿಸಿದರೆ ಬಲ್ಲವರನ್ನು ಕರೆದುಕೊಂಡು ನಾವೇ ಬರುತ್ತೇವೆ. ಮನೆಯವರ ಎದುರಿಗೇ ಗರಿಗರಿಯ ಛಾಯಾಚಿತ್ರ ತೆಗೆದು ಕಟ್ಟನ್ನು ಅಲ್ಲಿಯೇ ಬಿಟ್ಟು ಬರಲಾಗುವುದು. ಜಗಲಿಯ ದೇವರು ಜಗಲಿಯಲ್ಲಿಯೇ ಉಳಿಯುತ್ತಾರೆ. ಅಲ್ಲಿಯವರೆಗೆ ಗರಿಗಳಿಗೆ ಮನೆಯ ಎಣ್ಣೆ ಹಚ್ಚಬಾರದು, ಒದ್ದೆ ಬಟ್ಟೆಯಿಂದ ಒರೆಸಬಾರದು, ಬಿಸಿಲಿಗೆ ಇಡಬಾರದು. ಅಂಟಿಕೊಂಡ ಗರಿಗಳನ್ನು ಬಲವಂತದಿಂದ ಬಿಡಿಸಬಾರದು. ಒಣಗಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಕಡೆ ಇಟ್ಟರೆ ಸಾಕು.

ಹಳಕಟ್ಟಿಯವರ ಜಯಂತಿಯಾದ ಜುಲೈ 2ನ್ನು ನಾಡಿನಾದ್ಯಂತ ವಚನ ಸಾಹಿತ್ಯ ಸಂರಕ್ಷಣೆಯ ದಿನವಾಗಿ ಆಚರಿಸುತ್ತಾರೆ. ಶ್ರೀಮಠದಲ್ಲಿಯೂ ಅಂದು ಮುಂಜಾನೆ ಇಷ್ಟಲಿಂಗ ಪೂಜೆಯ ನಂತರ ವಚನ ಸಂಪುಟಗಳ ಪಾರಾಯಣ ನಡೆಯುತ್ತದೆ. ತಾಡೋಲೆಯ ಮಾಹಿತಿ ಕೊಡುವವರು ಅಂದೇ ಬಂದು ಕಚೇರಿಯಲ್ಲಿ ತಮ್ಮ ಊರು, ಮನೆತನದ ಹೆಸರನ್ನು ಬರೆಯಿಸಬಹುದು.